ಅಕ್ಕನ ಬಿಯೆನ್ ಹೋವಾ

ಕಳೆದ ಶನಿವಾರ ದುಬೈನ ಕರಾಮದ ಒಂದು ಅಂಗಡಿಯಲ್ಲಿ ಮಗಳಿಗೆ ಶಾಲೆಯ ಶೂ ಕೊಳ್ಳುತ್ತಿದ್ದೆ. ಅಂಗಡಿಯವನು ಹೊಸ ಡಬ್ಬ ತೆರೆದ ಕೂಡಲೇ ರಬ್ಬರು, ಅಂಟು, ಹೊಸ ಬಟ್ಟೆ ಎಲ್ಲ ಕಲೆತ ವಾಸನೆ ಮೂಗಿಗೆ ಬಡಿಯಿತು. ನನಗರಿವಿಲ್ಲದೆ ಶೂ ಎತ್ತಿ ಮೂಸಿದೆ. "ಮಮ್ಮಾ, ಪ್ಲೀಸ್! ಎಲ್ಲರೂ ಲುಕಿಂಗ್," ಎಂದು ಮಗಳು ನಾಚಿ ಸತ್ತಳು. ನೋಡುವವರು ನೋಡಲಿ. ಶೂ ಮೂಸುವುದನ್ನು ನನಗೆ ಕಲಿಸಿದವರು ಅಕ್ಕ. ಅಂಟು ಒಣಗುವ ಮೊದಲೇ ಡಬ್ಬ ಮುಚ್ಚಿದ್ದರೆ ವಾಸನೆಯೇ ಚಾಡಿ ಹೇಳುತ್ತದೆ ಎನ್ನುತ್ತಿದ್ದರು...

ಅಕ್ಕ ನನ್ನ ಒಡಹುಟ್ಟಿದವರಲ್ಲ. ಜೆಬೆಲ್ ಅಲಿಯ ಶೂ ಗೋದಾಮಿನಲ್ಲಿ ಬಂದ ಸರಕಿನ ಪಟ್ಟಿ ಮಾಡುವ ಕೆಲಸಕ್ಕೆ ನಾನು ಸೇರಿದಾಗ ಅಲ್ಲಿ ತಪಾಸಣೆ ಮಾಡುತ್ತಿದ್ದ ಇಬ್ಬರಲ್ಲಿ ಒಬ್ಬರು. ವಿಯೆಟ್ನಾಮಿನ ಬಿಯೆನ್ ಹೋವಾ ಎಂಬ ಕಾರ್ಖಾನೆಗಳ ಊರಿನವರು. ಮೊದಲ ದಿನ ಹೆಸರು ಕೇಳುವ ಮೊದಲೇ, "ವಯಸ್ಸೆಷ್ಟು?" ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಇವರಿಗ್ಯಾಕೆ ಅಧಿಕಪ್ರಸಂಗ? ಆಮೇಲೆ ತಿಳಿಯಿತು, ಅವರ ಭಾಷೆಯಲ್ಲಿ ಎದುರಿನವರು ಅಕ್ಕನೋ ತಂಗಿಯೋ ಎಂದು ಗೊತ್ತಾಗದೆ ಮಾತು ಶುರುವಾಗುವುದೇ ಇಲ್ಲ. ನನಗಿಂತ ಒಂಬತ್ತು ವರ್ಷ ದೊಡ್ಡವರು. "ಹಾಗಾದರೆ ನಾನು ಅಕ್ಕ," ಎಂದು ತೀರ್ಪು ಕೊಟ್ಟರು. ನಮ್ಮ ಮಂಗಳೂರಿನಲ್ಲೂ ನಡೆಯುವುದು ಅದೇ ಅಲ್ಲವೇ? ಅಂದಿನಿಂದ ಅವರು ಅಕ್ಕ, ನಾನು ತಂಗಿ. ಆಡುತ್ತಿದ್ದದ್ದು ಮಾತ್ರ ಅರ್ಧ ಇಂಗ್ಲಿಷು, ಅರ್ಧ ಹಿಂದಿ, ಮಧ್ಯೆ ಒಂದಿಷ್ಟು ಅರಬ್ಬಿ.

ಊಟದ ಹೊತ್ತಿಗೆ ಖಾಲಿ ರಟ್ಟಿನ ಡಬ್ಬ ಹಾಸಿಕೊಂಡು ಕೂತರೆ ಅಕ್ಕನ ಬಾಯಲ್ಲಿ ಬಿಯೆನ್ ಹೋವಾ ಬಿಟ್ಟು ಬೇರೆ ಮಾತಿಲ್ಲ. ದೊಡ್ಡ ನದಿ, ನದಿಯ ನಡುವೆ ಒಂದು ದ್ವೀಪ. ಹಿಂದೆ ಚೀನಾದಿಂದ ಬಂದ ವರ್ತಕರು ಅಲ್ಲಿ ಬಂದರು ಕಟ್ಟಿದರಂತೆ, ಹಡಗುಗಳು ಸಾಲುಗಟ್ಟಿ ನಿಲ್ಲುತ್ತಿದ್ದವಂತೆ. ಯುದ್ಧದಲ್ಲಿ ಬಂದರು ಹಾಳಾಯಿತು, ವರ್ತಕರು ಬೇರೆಡೆ ಹೋದರು. ಮಣ್ಣು ಎಲ್ಲಿಗೆ ಹೋಗುತ್ತದೆ? ಊರಿನವರು ಅದೇ ಮಣ್ಣಿನಲ್ಲಿ ಮಡಕೆ, ಹೂಜಿ ಮಾಡಿ ಹಸಿರು ಬಣ್ಣದ ಹೊಳಪು ಕೊಟ್ಟು ಮಾರಿದರು. ಅಕ್ಕನ ಅಜ್ಜಿ ಅಂಥ ಮಡಕೆ ಸುಡುವ ಭಟ್ಟಿಯಲ್ಲಿ ದುಡಿದವರು. ಅವರ ಅಮ್ಮನ ಕಾಲಕ್ಕೆ ಆಕಾಶದ ತುಂಬ ಯುದ್ಧವಿಮಾನ. ಅದೂ ಮುಗಿದು, ಚಕ್ಕೋತದ ತೋಟಗಳ ಆಚೆ ಒಂದೊಂದಾಗಿ ಕಾರ್ಖಾನೆ ಎದ್ದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತರು. ದೂರದ ಜಿಲ್ಲೆಗಳಿಂದ ಹುಡುಗಿಯರು ಒಂದೇ ಚೀಲ ಹಿಡಿದು ಬಂದಿಳಿಯುತ್ತಿದ್ದರಂತೆ. ಅವರಿಗಾಗಿ ಓಣಿ ಓಣಿಯಲ್ಲೂ ಬಾಡಿಗೆ ಕೋಣೆಗಳ ಸಾಲು. "ನಿಮ್ಮ ಕರಾಮದ ಬೆಡ್‌ಸ್ಪೇಸ್ ಹಾಗೆಯೇ, ಒಂದು ಹಾಸಿಗೆಗೆ ಇಷ್ಟು ಬಾಡಿಗೆ ಅಂತ," ಎಂದು ನಗುತ್ತಿದ್ದರು.

ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ? ನಮ್ಮಲ್ಲೂ ನದಿಯಿತ್ತು, ಜೇಡಿಮಣ್ಣಿತ್ತು. ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಮಂಗಳೂರು ಹಂಚು ಹೋಗದ ಬಂದರಿಲ್ಲ ಎಂದು ಅವರೂ ಎದೆಯುಬ್ಬಿಸುತ್ತಿದ್ದರು. ಈಗ ಅಲ್ಲಿ ಹೊಗೆಗೂಡು ಒಂಟಿಯಾಗಿ ನಿಂತಿದೆ. ಅಕ್ಕನದು ಜನ ಕೆಲಸ ಹುಡುಕಿ ಬರುವ ಊರು, ನನ್ನದು ಬಿಟ್ಟು ಹೋಗುವ ಊರು.

ಒಂದು ದಿನ ಬಿಯೆನ್ ಹೋವಾದಿಂದ ಕಂಟೇನರ್ ಬಂತು. ಪೆಟ್ಟಿಗೆಯ ಮೇಲೆ ಅದು ಕಾರ್ಖಾನೆಯ ಯಾವ ಸಾಲಿನಲ್ಲಿ ತಯಾರಾಯಿತು ಎಂಬ ಸಂಖ್ಯೆ ಇರುತ್ತಿತ್ತು. ಆ ಸಾಲುಗಳಲ್ಲಿ ಒಂದು ಅಕ್ಕನ ಸ್ವಂತ ತಂಗಿ ಕೆಲಸ ಮಾಡುವ ಸಾಲು. ಆ ಸಂಖ್ಯೆ ಕಂಡರೆ ಅಕ್ಕ ಪೆಟ್ಟಿಗೆಯನ್ನು ಒಮ್ಮೆ ಪ್ರೀತಿಯಿಂದ ತಟ್ಟಿ ಆಮೇಲೆ ತಪಾಸಣೆಗೆ ಇಳಿಯುತ್ತಿದ್ದರು. ಅಂದು ಅದೇ ಸಂಖ್ಯೆಯ ಪೆಟ್ಟಿಗೆಗಳನ್ನು ತಪಾಸಣೆಗೆಂದು ನಾನು ತೆರೆದೆ. ಮೂರು ಜೊತೆಗಳ ಅಟ್ಟೆ ತುದಿಯಲ್ಲಿ ಬಾಯಿ ಬಿಟ್ಟಿತ್ತು. ಆ ಸಂಖ್ಯೆಯ ಇಡೀ ಲಾಟು ತಿರಸ್ಕೃತವಾದರೆ ಆ ಸಾಲನ್ನೇ ನಿಲ್ಲಿಸುತ್ತಾರೆ, ಅಕ್ಕನ ತಂಗಿ ಮನೆಯಲ್ಲಿ ಕೂರಬೇಕು.

ನಮ್ಮ ಸೂಪರ್‌ವೈಸರ್ ಮಂಗಳೂರಿನ ಪಕ್ಕದ ಉಳ್ಳಾಲದ ಬ್ಯಾರಿ. ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡರು. "ಎಂಥ ಯೋಚನೆ ಮಾಡುದು ಮಾರಾಯ್ತಿ? ಅವರ ಊರಿನವರ ಹೊಟ್ಟೆಗೆ ಹೊಡಿಲಿಕ್ಕುಂಟಾ? ಬೇರೆ ಪೆಟ್ಟಿಗೆಯದ್ದು ಒಳ್ಳೆದು ತೆಗ್ದು ಇದ್ರಲ್ಲಿ ಇಡಿ. ಖಲಾಸ್!"

ಗಲ್ಫಿನಲ್ಲಿ ನಾವು ಬದುಕಿರುವುದೇ 'ಊರಿನವರು' ಎಂಬ ಈ ಒಂದು ಮಾತಿನಿಂದ. ನನಗೆ ಕೆಲಸ ಸಿಕ್ಕಿದ್ದೂ ಹಾಗೆಯೇ. ಅಕ್ಕನ ಊರೂ ನಮ್ಮೂರೇ ಎಂದುಕೊಂಡೆ, ಮೂರು ಜೊತೆ ಬದಲಾಯಿಸಿಟ್ಟೆ. ದೊಡ್ಡ ಪುಣ್ಯ ಕಟ್ಟಿಕೊಂಡೆನೆಂಬ ಹಿಗ್ಗು ಬೇರೆ.

ಅಕ್ಕ ಬಂದರು. ಹೆಬ್ಬೆರಳಿನಿಂದ ಅಟ್ಟೆ ಒತ್ತಿದರು, ಮೂಸಿದರು, ಹೊಲಿಗೆಯ ಮೇಲೆ ಉಗುರು ಓಡಿಸಿದರು. ಆಮೇಲೆ ಲೇಸಿನ ಕೆಳಗಿನ ನಾಲಿಗೆಪಟ್ಟಿ ಎತ್ತಿ ಒಳಗಿನ ಚೀಟಿ ಓದಿದರು. ಸಾಲಿನ ಸಂಖ್ಯೆ ಅಲ್ಲಿಯೂ ಇರುತ್ತದೆಂಬುದನ್ನು ನಾನು ಮರೆತೇಬಿಟ್ಟಿದ್ದೆ.

"ಇದು ನನ್ನ ತಂಗಿಯ ಕೈಕೆಲಸ ಅಲ್ಲ. ಅವಳದ್ದು ಎಲ್ಲಿ?"

ನಾನು ತಲೆ ತಗ್ಗಿಸಿ ಆ ಮೂರು ಜೊತೆ ತಂದುಕೊಟ್ಟೆ. ಅಕ್ಕ ಬಾಯಿ ಬಿಟ್ಟ ಅಟ್ಟೆಯೊಳಗೆ ಹೆಬ್ಬೆರಳು ತೂರಿಸಿ ನೋಡಿದರು.

"ಅಕ್ಕ, ನಿಮ್ಮವರಿಗೋಸ್ಕರ..."

"ನಮ್ಮೂರಿಗೆ ನಿನ್ನ ಕರುಣೆ ಬೇಡ ತಂಗಿ, ಒಳ್ಳೆಯ ಅಂಟು ಬೇಕು," ಎಂದರು. "ಇವತ್ತು ನೀನು ಮುಚ್ಚಿದರೆ ನಾಳೆ ಯಾವುದೋ ಮಗುವಿನ ಕಾಲಲ್ಲಿ ಇದು ಬಾಯಿ ಬಿಡುತ್ತದೆ. ಆಗ ಜನ ನನ್ನ ತಂಗಿಯ ಹೆಸರು ಹೇಳುವುದಿಲ್ಲ. ಬಿಯೆನ್ ಹೋವಾ ಅನ್ನುತ್ತಾರೆ." ತಿರಸ್ಕಾರದ ಚೀಟಿಯನ್ನು ತಮ್ಮದೇ ಗುಂಡು ಅಕ್ಷರದಲ್ಲಿ ಬರೆದು ಮೊಹರು ಒತ್ತಿದರು. ಸೂಪರ್‌ವೈಸರ್ ಕೆಮ್ಮುತ್ತಾ ಆಚೆ ಹೋದರು.

ಸಾಲು ನಿಂತಿತು. ಅಕ್ಕನ ತಂಗಿ ದಿನವೂ ಊಟದ ಹೊತ್ತಿಗೆ ಫೋನ್ ಮಾಡಿ ದುಬೈನ ಇನ್ಸ್‌ಪೆಕ್ಟರನ ವಂಶವನ್ನೆಲ್ಲ ಜಾಲಾಡುತ್ತಿದ್ದಳು. ಲಾಟು ನೋಡಿದ್ದು ಇನ್ನೊಬ್ಬ ಇನ್ಸ್‌ಪೆಕ್ಟರ್ ಎಂದು ಅಕ್ಕ ಹೇಳಿಬಿಟ್ಟಿದ್ದರು. ಶೂ ವಿಷಯದಲ್ಲಿ ಸುಳ್ಳು ಹೇಳದವರು ತಂಗಿಗೆ ಹೇಳಿದರು. ಬೈಗುಳ ಕೇಳುತ್ತಲೇ ಅನ್ನ ತಿನ್ನುತ್ತಿದ್ದರು. "ಚೆನ್ನಾಗಿ ಬೈಯುತ್ತಾಳೆ," ಎಂದು ನನ್ನತ್ತ ಕಣ್ಣು ಮಿಟುಕಿಸುತ್ತಿದ್ದರು, ಆದರೆ ಆಗೆಲ್ಲ ತಟ್ಟೆಯಲ್ಲಿ ಅರ್ಧ ಉಳಿದಿರುತ್ತಿತ್ತು...

ಮೂರು ತಿಂಗಳ ಮೇಲೆ ಆ ಸಾಲಿನ ಪೆಟ್ಟಿಗೆಗಳು ಮತ್ತೆ ಬಂದವು. ಅಕ್ಕ ಅಟ್ಟೆ ಹಿಡಿದು ಎಳೆದರು, ತಿರುಚಿದರು, ಕೊನೆಗೆ ಸೂಪರ್‌ವೈಸರ್ ಕೈಗೆ ಕೊಟ್ಟು "ಯಲ್ಲಾ, ನೀವೇ ಕೀಳಿ," ಎಂದರು. ಆ ಗಟ್ಟಿ ಆಳು ಬೆವರಿದರೂ ಅದು ಜಗ್ಗಲಿಲ್ಲ. ಅಕ್ಕನ ಮುಖ ನೋಡಬೇಕಿತ್ತು! ಒಂದು ಊರನ್ನು ತಾವೊಬ್ಬರೇ ಕಟ್ಟಿದವರ ಹಾಗೆ ನಿಂತಿದ್ದರು.

ಕೆಲವು ವರ್ಷಗಳ ನಂತರ ಅಕ್ಕ ಊರಿಗೆ ಮರಳಿದರು. ಹೊಸ ಸೇತುವೆ, ಹೊಸ ರಸ್ತೆಗಳ ಫೋಟೋ ಕಳಿಸುತ್ತಲೇ ಇದ್ದರು. ಹೋದ ವರ್ಷ ಅವರ ಫೋನಿನಿಂದ ಅವರ ತಂಗಿ ಬರೆದಳು, ಕಾಯಿಲೆ ಬಂದು ಅಕ್ಕ ತೀರಿಕೊಂಡರು ಎಂದು.

ಶನಿವಾರ ಕರಾಮದಿಂದ ಡಿಸ್ಕವರಿ ಗಾರ್ಡನ್ಸ್‌ಗೆ ಮೆಟ್ರೋದಲ್ಲಿ ಮನೆಗೆ ಮರಳುವಾಗ ತಡೆಯಲಾಗಲಿಲ್ಲ. ತಂಗಿಗೆ ನಿಜ ಬರೆದುಬಿಟ್ಟೆ: ಅಂದು ನಿಮ್ಮ ಲಾಟು ತಿರಸ್ಕರಿಸಿದ್ದು ನಿಮ್ಮ ಅಕ್ಕನೇ, ಕ್ಷಮಿಸಿಬಿಡಿ. ಎರಡು ಸ್ಟೇಷನ್ ದಾಟುವಷ್ಟರಲ್ಲಿ ಉತ್ತರ ಬಂತು. ಫೋನ್ ಅನುವಾದಿಸಿದ್ದನ್ನು ಎರಡು ಸಲ ಓದಿದೆ.

"ಗೊತ್ತಿತ್ತು. ಬೈಯಲು ಶುರುಮಾಡಿ ಎರಡು ವಾರಕ್ಕೆ ಆ ತಿರಸ್ಕಾರದ ಚೀಟಿ ನಮ್ಮ ಕೈಗೆ ಬಂತು. ಅಕ್ಕನ ಅಕ್ಷರ ನನಗೆ ತಿಳಿಯದೇ? ಅಕ್ಕನಿಗೆ ನೋವಾಗಬಾರದೆಂದು ಗೊತ್ತಿಲ್ಲದ ಹಾಗೆ ಬೈಯುತ್ತಲೇ ಇದ್ದೆ, ಕೊನೆಯವರೆಗೂ ಗುಟ್ಟು ಬಿಡಲಿಲ್ಲ. ಆ ಚೀಟಿಯನ್ನು ನಮ್ಮ ಸಾಲಿನ ಗೋಡೆಗೆ ಅಂಟಿಸಿದ್ದೇನೆ. ಹೊಸದಾಗಿ ಸೇರಿದವರಿಗೆ ಮೊದಲು ತೋರಿಸುವುದು ಅದನ್ನೇ."

ಮಗಳು ನನ್ನ ಕೈ ಹಿಡಿದು, "ಮಮ್ಮಾ, ವೈ ಆರ್ ಯು ಕ್ರೈಯಿಂಗ್?" ಎಂದಳು. ಆ ಗೋಡೆಯ ವಿಷಯವನ್ನು ಅಕ್ಕನಿಗೆ ಯಾರೂ ಹೇಳಲೇ ಇಲ್ಲ.