ನಿಲ್ಲಿಸಿದ್ದ ಸರ್ವರಿನಿಂದ ಬಂದ ಮೆಸೇಜು

ದೆವ್ವ, ಶಕುನ, ಮುನ್ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವವನು. ಅಂಥವರನ್ನು ಕಂಡರೆ ಈಗಲೂ ನನಗೆ ಆಗುವುದಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಬೆಳಗೋಡಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ನಿಮ್ಮಿಷ್ಟ.

ಸುತ್ತಲಿನ ಬೆಳೆಗಾರರು ಸೇರಿ, ಆನೆ ಬಂದರೆ ಎಲ್ಲರ ಮೊಬೈಲಿಗೂ ಮೆಸೇಜು ಹೋಗುವಂತೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆಸಿದ್ದರು. ಆನೆ ಕಂಡ ಕಾವಲಿನವನು ಮೊಬೈಲಿನಲ್ಲಿ ಒತ್ತಬೇಕು, ಸರ್ವರ್ ಎಲ್ಲರಿಗೂ ತಿಳಿಸಬೇಕು. ತಿಳಿಸುತ್ತಿತ್ತು, ಆನೆ ಗದ್ದೆ ತುಳಿದು ಆರಾಮಾಗಿ ಹೋದ ಮೇಲೆ. ಸರಿ ಮಾಡಲು ನನ್ನನ್ನು ಕರೆದರು. ನೋಡಿದರೆ ಎಸ್ಟೇಟ್ ಮಾಲೀಕ ರೋನಿ ತಾನೇ ಕೈಯಾಡಿಸಿದ್ದ. ಆ ಬಡಪಾಯಿ ಪುಟ್ಟ ಸರ್ವರಿನಲ್ಲಿ ವರ್ಕರ್‌ಗಳನ್ನು, ಅಂದರೆ ಏಕಕಾಲಕ್ಕೆ ಓಡುವ ಪ್ರೋಗ್ರಾಮಿನ ಪ್ರತಿಗಳನ್ನು, ಸಿಕ್ಕಾಪಟ್ಟೆ ಏರಿಸಿದ್ದ. ಮೆಮೊರಿ ಸಾಲದೆ ಅವು ಸಾಯುತ್ತಿದ್ದವು.

"ಜಾಸ್ತಿ ಹಾಕಿದ್ರೆ ಬೇಗ ಆಗ್ಬೇಕಲ್ಲ ಮಾರಾಯ?" ಎಂದ. ಕಾಫಿ ಕೊಯ್ಲಿಗೆ ಆಳು ಹಾಕಿದಂತೆ ಎಂದುಕೊಂಡಿದ್ದ. ಇಂಥವರಿಗೆ ಉತ್ತರ ಕೊಡುವುದೂ ದಂಡ.

ಸಂಜೆ ಆಳುಗಳು ಕೆಲಸ ಬಿಡುವ ಮೊದಲು ಮುಗಿಸಬೇಕಿತ್ತು. ನಾನು ಕೂತಿದ್ದ ಕಾಫಿ ಸ್ಟೋರಿನ ಕೆಳಗಿನ ದಾರಿಯಲ್ಲೇ ಅವರು ನಡೆದು ಮನೆಗೆ ಹೋಗುವುದು. ಹಿಂದಿನ ತಿಂಗಳು ಅಲ್ಲೇ ಒಬ್ಬ ಹೆಂಗಸನ್ನು ಆನೆ ತುಳಿದು ಕೊಂದಿತ್ತು. ಸರ್ವರನ್ನು ಪೂರ್ತಿ ನಿಲ್ಲಿಸಿ, ವರ್ಕರ್‌ಗಳನ್ನು ಇಳಿಸಿ, ಟೈಮ್‌ಔಟ್, ಅಂದರೆ ಅವು ಕಾಯುವ ಮಿತಿ, ತಿದ್ದುತ್ತಿದ್ದೆ. ಆಗ ಎದುರಿಗೆ ಕೂತು ಹಾಜರಿ ಬರೆಯುತ್ತಿದ್ದ ರೈಟರ್ ಮಲ್ಲೇಶನ ಮೊಬೈಲು ಕೂಗಿತು. ಸ್ಟೋರಿನ ಕೆಳಗಿನ ದಾರಿಯಲ್ಲಿ ಆನೆ ಇದೆ ಎಂದಿತ್ತು.

"ಯಾವುದೋ ಹಳೇದು ಈಗ ಬಂದಿರುತ್ತೆ. ಸರ್ವರೇ ನಿಂತಿದೆ ಕಣ್ರೀ," ಎಂದು ನಕ್ಕೆ.

"ನನ್ ಹೆಂಡ್ರು ಅಲ್ಲೇ ಬರ್ತಾಳೆ ಸಾರ್," ಎಂದವನೇ ಮಲ್ಲೇಶ ಓಡಿದ. ಹೊರಟಿದ್ದವರನ್ನೆಲ್ಲ ಕಣದಲ್ಲೇ ತಡೆದು ನಿಲ್ಲಿಸಿದ. ದಾರಿ ಖಾಲಿಯಿತ್ತು. ಹೆಂಗಸರು ಗೊಣಗಿದರು, ನಾನು ಇನ್ನೊಮ್ಮೆ ನಕ್ಕೆ. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಾಗಿರಬೇಕು, ತೋಟದೊಳಗಿಂದ ಒಂಟಿ ಸಲಗ ಆ ದಾರಿಗೆ ಇಳಿಯಿತು. ಅವರೆಲ್ಲ ನಡೆಯಬೇಕಿದ್ದ ಜಾಗದಲ್ಲಿ ನಿಂತು ಬೇಲಿ ಕಂಬ ಕಿತ್ತೆಸೆಯಿತು.

ಆಮೇಲೆ ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಜಾಲಾಡಿದೆ. ಅದು ಏನನ್ನೂ ಕಳಿಸಿರಲಿಲ್ಲ. ಕಾವಲಿನವರು ಯಾರೂ ಒತ್ತಿರಲಿಲ್ಲ. ಬೇರೆ ಯಾರ ಮೊಬೈಲಿಗೂ ಬಂದಿರಲಿಲ್ಲ. ಹಳೆಯದು ಎನ್ನೋಣವೆಂದರೆ ಮೆಸೇಜಿನಲ್ಲಿ ಅದೇ ಸಂಜೆಯ ಹೊತ್ತು ನಮೂದಾಗಿತ್ತು. ದೇವರು ಕಾಪಾಡಿದ ಎಂದು ರೋನಿ ಶಿಲುಬೆ ಗುರುತು ಹಾಕಿಕೊಂಡ. ಅಷ್ಟು ಸುಲಭದ ಉತ್ತರ ಸಿಕ್ಕವರನ್ನು ಕಂಡು ನನಗೆ ಮೈ ಉರಿಯಿತು.

ಈಗ ಸರ್ವರ್ ಚುರುಕಾಗಿದೆ. ಕಾವಲಿನವನು ಒತ್ತಿದ ತಕ್ಷಣ ಮೆಸೇಜು ಹೋಗುತ್ತದೆ. ಮೊನ್ನೆ ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಮಲ್ಲೇಶನ ಹೆಂಡತಿ ಗಿರಿಜಾ ಸಿಕ್ಕಿದಳು.

"ಈಗ ಆನೆ ಬಂದ್ಮೇಲೆ ಹೇಳ್ತೈತೆ ಸಾರ್. ಅವತ್ತು ಬರೋಕ್ ಮುಂಚೇನೇ ಹೇಳ್ತು. ಅವತ್ತು ಹೆಂಗ್ ಇಟ್ಟಿದ್ರೋ ಹಂಗೇ ಇಟ್ಬುಡಿ," ಎಂದಳು.

ಅವತ್ತು ನಾನು ಅದನ್ನು ಪೂರ್ತಿ ನಿಲ್ಲಿಸಿಟ್ಟಿದ್ದೆ. ನೋಡ್ತೀನಿ ಎಂದು ಹೇಳಿ ಬಸ್ಸು ಹತ್ತಿದೆ.