ಬೀಗತಿ ಬಂದಾಗ ಕೌದಿ ಹೊಲಿಯಾಕತ್ತಿದ್ದೆ

ಹಳೇ ಸೀರಿ ಕತ್ತರಿಸಿ, ಬಣ್ಣಬಣ್ಣದ ಮೂರುಮೂಲಿ ತುಂಡು ಕೂಡಿಸಿ ಕೌದಿ ಹೊಲಿಯೋದು ನನ್ನ ಹುಚ್ಚು. ನನ್ನಂಥಾ ಕೈ ಇಡೀ ಕೊಪ್ಪಳ ಜಿಲ್ಲಾದಾಗ ಇಲ್ಲಂತ ನಾನ ಹೇಳ್ಕೊಂತ ತಿರಗ್ತೀನಿ.

ಅವತ್ತ ಸೊಸಿ ತಾಯಿ, ನಮ್ಮ ಹೊಸಾ ಬೀಗತಿ, ಗಿಣಿಗೇರಾದಿಂದ ಮೊದಲ ಸಲ ಮನಿಗೆ ಬಂದ್ರು. ಎದ್ದು ನಮಸ್ಕಾರ ಮಾಡ್ಲಿಲ್ಲಂದ್ರ ಮರ್ಯಾದಿ ಹೋಗ್ತೈತಿ. ಏಳಾಕ ಹೋದ್ರ ಧೋತ್ರ ಸೊಂಟ ಬಿಟ್ಟು ಜಾರಾಕತ್ತಿತು. ತೊಡಿಮ್ಯಾಲಿನ ಕೌದಿಗೆ ಅದನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ!

"ಮೊಣಕಾಲು ಹಿಡದಾವ್ರಿ, ಬೀಗತಿಯಾರ. ನಿನ್ನೆ ಮುನಿರಾಬಾದ್ ಡ್ಯಾಮಿನ್ಯಾಗ ಮೊಸಳಿ ಜೋಡಿ ಕುಸ್ತಿ ಹಿಡದಿದ್ದೆ," ಅಂದೆ.

"ಅಯ್ಯ, ಕುಂದರ್ರಿ ಬೀಗರ. ಕೌದಿ ಭಾಳ ಛಲೋ ಐತಿ, ನೋಡೂಣು," ಅಂತ ಮೂಲಿ ಹಿಡದು ಜಗ್ಗಿದ್ರು. ಕೌದಿ ಹಿಂದ ನಾನೂ ಕುಂತಲ್ಲಿಂದನ ಸರದೆ.

"ಏನ್ ಗಟ್ಟಿ ಹೊಲಿಗಿರಿ ಇದು! ಬಿಡವಲ್ದು!"

ಇಷ್ಟ ವರ್ಷದಾಗ ನನ್ನ ಹೊಲಿಗಿ ಹೊಗಳಿದವರು ಅವರೊಬ್ಬರ. ಎದ್ದು ಕೈ ಮುಗಿಯೋಣಂದ್ರ ಧೋತ್ರ ಅವರ ಕೈಯಾಗಿತ್ತು.