ಅಂದಾನೆಪ್ಪನ ಔಷಧ

ಸಾಲಹಳ್ಳಿಯ ಬಡಿಗೇರ ಅಂದಾನೆಪ್ಪನ ಬಾಯಿಂದ ‘ನನಗೆ ಗೊತ್ತಿಲ್ಲ’ ಎಂಬ ಮಾತು ಕೇಳಿದವರು ಊರಲ್ಲಿ ಒಬ್ಬರೂ ಇರಲಿಲ್ಲ. ಚಕ್ಕಡಿಗಳು ಹೋಗಿ ಟ್ರ್ಯಾಕ್ಟರ್ ಬಂದರೂ ಅವನ ಜಂಬ ಮಾತ್ರ ಹೋಗಲಿಲ್ಲ. ರಾಮದುರ್ಗದಲ್ಲಿ ಸಂಗೀತ ಕಲಿಸುವ ರಾಜೇಶ್ವರಿ ಒಂದು ದಿನ ಅವನನ್ನು ಮನೆಗೆ ಕರೆಸಿ, ತನ್ನ ಹಳೆಯ ದೊಡ್ಡ ಪಿಯಾನೋದ ಮುಚ್ಚಳ ಎತ್ತಿ, “ಕಾಕಾ, ತಂತಿ ಸುತ್ತಿದ ಗೂಟ ಎಲ್ಲಾ ಸಡಲ ಆಗ್ಯಾವ. ಶ್ರುತಿ ನಿಂದ್ರವಲ್ದು” ಎಂದಳು. ಜೀವಮಾನದಲ್ಲಿ ಪಿಯಾನೋ ಮುಟ್ಟದವನು, “ಇಷ್ಟ ಏನು? ನನ್ನ ಕಡೆ ಔಷಧ ಐತಿ” ಎಂದುಬಿಟ್ಟ.

ಔಷಧವೆಂದರೆ ನೀರು. ಬೇಸಿಗೆಯಲ್ಲಿ ಸಡಿಲಾದ ಚಕ್ಕಡಿಯ ಗಾಲಿಯನ್ನು ಹಳ್ಳದಲ್ಲಿ ನೆನೆಹಾಕಿದರೆ ಕಟ್ಟಿಗೆ ಉಬ್ಬಿ ಬಿಗಿಯಾಗುತ್ತದೆ. ಅವನ ಅಪ್ಪ ಮಾಡುತ್ತಿದ್ದುದೂ ಅದನ್ನೇ. ಆಕೆ ಚಹಾ ಮಾಡಲು ಒಳಗೆ ಹೋದಾಗ ಗೂಟಗಳ ಬುಡಕ್ಕೆಲ್ಲ ನೀರು ಬಿಟ್ಟ. ಹಲಗೆ ಉಬ್ಬಿ ಗೂಟ ಬಿಗಿಯಾದವು, ಶ್ರುತಿ ನಿಂತಿತು. ರಾಜೇಶ್ವರಿ ಶಿಷ್ಯರ ಎದುರಿಗೇ ಅವನಿಗೆ ಶಾಲು ಹೊದಿಸಿದಳು.

ತಿಂಗಳೊಪ್ಪತ್ತಿನಲ್ಲಿ ಮತ್ತೆ ಸಡಿಲ, ಮತ್ತೆ ನೀರು. ಈ ಸಲ ಗೂಟಗಳು ಕುಂತ ಹಲಗೆಯಲ್ಲಿ ಸಣ್ಣ ಸೀಳು ಬಿಟ್ಟಿದ್ದು ಅವನ ಕಣ್ಣಿಗೆ ಬಿತ್ತು. “ಕಟ್ಟಿಗೀನ ಮುದಿ ಆಗೇತಿ ಬಿಡವಾ” ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಗೂಟ ಮತ್ತೂ ಸಡಿಲಾದಾಗ, ಕೊನೆಗೆ ಆಕೆ ಬೆಳಗಾವಿಯ ಪಿಯಾನೋ ಮಿಸ್ತ್ರಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲಿಟ್ಟಳು. ಅಂದಾನೆಪ್ಪ ಎದುರಿಗೇ ಕುಳಿತಿದ್ದ.

“ಹಲಗಿ ಗಟ್ಟಿ ಇದ್ರ ದಪ್ಪ ಗೂಟ ಹೊಡೀತೇನ್ರಿ,” ಎಂದ ಮಿಸ್ತ್ರಿ. “ನೀರು ಕುಡದಿದ್ರ ಹಲಗೀನ ಬದಲಿ ಮಾಡಬೇಕು. ಇಲ್ಲಂದ್ರ ದಪ್ಪ ಗೂಟಕ್ಕ ಪೂರಾ ಸೀಳಿ ಹೋಗತೈತಿ. ಅದಕ್ಕ ಏನು ಹಾಕ್ಯಾರ?”

ರಾಜೇಶ್ವರಿ ನಕ್ಕು ಫೋನನ್ನು ಅಂದಾನೆಪ್ಪನ ಕೈಗಿಟ್ಟಳು. “ಕಾಕಾ, ನಿಮ್ಮ ಔಷಧದ ಹೆಸರು ಹೇಳ್ರಿ. ನನಗೂ ಹೇಳಿಲ್ಲ ನೀವು.”

ಅವನ ಕಿವಿ ಬಿಸಿಯಾದವು. ಬೇವಿನೆಣ್ಣೆ ಎಂದುಬಿಟ್ಟರೆ ಮಾನ ಉಳಿಯುತ್ತಿತ್ತು, ಪಿಯಾನೋ ಹೋಗುತ್ತಿತ್ತು. ಸುಳ್ಳು ತುಟಿಯ ತನಕ ಬಂದಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ನೀರು ರೀ.”

“ಏನಂದ್ರಿ?”

“ನೀರು. ಎರಡ ಸಲ ಬಿಟ್ಟೇನಿ. ಹಲಗಿ ಸೀಳೇತಿ. ಮುದಿ ಆಗಿದ್ದಕ್ಕ ಅಲ್ಲ.”

ರಾಜೇಶ್ವರಿ ಫೋನ್ ತಿರುಗಿ ತೆಗೆದುಕೊಂಡು ಹಲಗೆಯನ್ನೇ ಬದಲಿಸಲು ಹೇಳಿದಳು. ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎಂದಿನಂತೆ ಚಹಾ ತಂದು ಮುಂದಿಟ್ಟಳು.

“ಕುಡದು ಹೋಗ್ರಿ, ಬಡಿಗೇರ್ರ,” ಎಂದಳು.

ಕಾಕಾ ಎನ್ನಲಿಲ್ಲ. ಅಂದಾನೆಪ್ಪ ಕಪ್ಪು ಹಿಡಿದುಕೊಂಡೇ ಕುಳಿತ.